ಹುಲಿ ಉಗುರು, ನಕ್ಷತ್ರ ಆಮೆ ಮತ್ತು ಆರೋಪಿಯ ಹೊರೆ

ದೇವನಹಳ್ಳಿ ಟಿಪ್ಪು ಸುಲ್ತಾನ್ ಹುಟ್ಟಿದ ಊರು. ಹುಲಿಯನ್ನು ಲಾಂಛನ ಮಾಡಿಕೊಂಡ ದೊರೆಯ ಈ ಊರಿಗೆ 2008ರಲ್ಲಿ ವಿಮಾನ ನಿಲ್ದಾಣ ಬಂತು. ಈಗ ವನ್ಯಜೀವಿಗಳ ಕಳ್ಳಸಾಗಣೆ ಎಂದರೆ ನಮಗೆ ಆ ನಿಲ್ದಾಣವೇ ನೆನಪಾಗುತ್ತದೆ. 2023ರ ಆಗಸ್ಟಿನಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕರೊಬ್ಬರ ಸಾಮಾನಿನಲ್ಲಿ 234 ಪ್ರಾಣಿಗಳು ಸಿಕ್ಕವು. ಅವುಗಳಲ್ಲಿ ಸತ್ತ ಕಾಂಗರೂ ಮರಿಯೊಂದಿತ್ತು. ಇಂಥದ್ದನ್ನು ಓದಿದಾಗ ನಮಗೆ ಸಿಟ್ಟು ಬರುವುದು ಸಹಜ. ಆದರೆ ಸಿಟ್ಟು ತೀರ್ಪಲ್ಲ. ಈ ಕಾನೂನು ಹೇಗೆ ಬಂತು, ಅದರಡಿ ಸಿಕ್ಕಿಬಿದ್ದವರಿಗೆ ಯಾವ ದಾರಿಗಳಿವೆ ಎಂಬುದನ್ನೂ ನಾವು ತಿಳಿದಿರಬೇಕು.

ನಮ್ಮ ಹಿರಿಯರ ಕಾಲದಲ್ಲಿ ಬೇಟೆ ಪ್ರತಿಷ್ಠೆಯ ಮಾತಾಗಿತ್ತು. ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆ ಮತ್ತು ಮೀನುಗಾರಿಕೆಯ ಬಗ್ಗೆ ನಿಬಂಧನೆ ತಂದದ್ದು ಬೇಟೆಯನ್ನು ಹತೋಟಿಯಲ್ಲಿಡಲು, ನಿಲ್ಲಿಸಲು ಅಲ್ಲ. ಹುಲಿ ಉಗುರಿಗೆ ಚಿನ್ನದ ಕಟ್ಟು ಹಾಕಿಸಿ ಕೊರಳಿಗೆ ತೊಡುವುದು ಜಾತಿ ಮತಗಳ ಭೇದವಿಲ್ಲದೆ ನಡೆಯುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆಲ್ಲವನ್ನೂ ಬದಲಿಸಿತು. ಮನೆಯಲ್ಲಿ ಇಂಥ ವಸ್ತುವಿದ್ದವರು ಅದನ್ನು ಘೋಷಿಸಿ ಮಾಲೀಕತ್ವದ ಪ್ರಮಾಣಪತ್ರ ಪಡೆಯಬೇಕಾಯಿತು. 2003ರಲ್ಲಿ ಮತ್ತೆ 180 ದಿನಗಳ ಅವಕಾಶ ಸಿಕ್ಕಿತು. ಆದರೆ ಹಳ್ಳಿಯ ಮನೆಗಳಿಗೆ ಸರ್ಕಾರದ ಗೆಜೆಟ್ ತಲುಪುವುದು ಅಪರೂಪ. 2023ರ ಅಕ್ಟೋಬರಿನಲ್ಲಿ ಕನ್ನಡದ ಟಿವಿ ರಿಯಾಲಿಟಿ ಶೋ ಒಂದರ ಸ್ಪರ್ಧಿಯನ್ನು ಹುಲಿ ಉಗುರಿನ ಲಾಕೆಟ್ ಧರಿಸಿದ್ದಕ್ಕೆ ಬಂಧಿಸಿದಾಗ, ಎಷ್ಟೋ ಜನ ತಮ್ಮ ಕಪಾಟು ತೆರೆದು ನೋಡಿಕೊಂಡರು.

ಈ ಕಾಯ್ದೆಯ 57ನೇ ಕಲಂ ಕಠಿಣವಾದುದು. ವಸ್ತು ಆರೋಪಿಯ ವಶದಲ್ಲಿತ್ತೆಂದು ಸಾಬೀತಾದರೆ, ಅದು ಅಕ್ರಮವೆಂದೇ ನ್ಯಾಯಾಲಯ ಭಾವಿಸುತ್ತದೆ. ಸಕ್ರಮವೆಂದು ತೋರಿಸುವ ಹೊರೆ ಆರೋಪಿಯದು. ಹಾಗೆಂದು ಸರ್ಕಾರದ ಹೊಣೆ ಮುಗಿಯುವುದಿಲ್ಲ. ವಸ್ತು ನಿಜವಾಗಿಯೂ ಆರೋಪಿಯ ವಶದಲ್ಲಿತ್ತೇ? ಅದರ ಅರಿವು ಅವನಿಗಿತ್ತೇ? ಉಗುರು ಹುಲಿಯದೋ, ಕೊಂಬಿನಿಂದ ಮಾಡಿದ ನಕಲಿಯೋ? ಪ್ರಯೋಗಾಲಯದ ವರದಿ ಬಂದಿದೆಯೇ? ಮೊದಲು ಕೇಳಬೇಕಾದ ಪ್ರಶ್ನೆಗಳಿವು.

ಇನ್ನು ವಿಧಾನದ ಪ್ರಶ್ನೆಗಳು. 55ನೇ ಕಲಂ ಪ್ರಕಾರ ಅಧಿಕಾರವುಳ್ಳ ಅಧಿಕಾರಿ, ಇಲ್ಲವೇ 60 ದಿನ ಮುಂಚೆ ನೋಟಿಸ್ ಕೊಟ್ಟ ವ್ಯಕ್ತಿ ದೂರು ಸಲ್ಲಿಸಿದರೆ ಮಾತ್ರ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳಬಹುದು. ಅರಣ್ಯಾಧಿಕಾರಿ 50ನೇ ಕಲಂ ಅಡಿ ದಾಖಲಿಸುವ ಸಾಕ್ಷ್ಯಕ್ಕೆ ಬೆಲೆ ಬರಬೇಕಾದರೆ ಅದನ್ನು ಆರೋಪಿಯ ಎದುರಿನಲ್ಲೇ ದಾಖಲಿಸಿರಬೇಕು. ಪಿತ್ರಾರ್ಜಿತವಾಗಿ ಬಂದದ್ದನ್ನು 90 ದಿನಗಳಲ್ಲಿ ಘೋಷಿಸಬೇಕು. ಘೋಷಿಸಿದ್ದರೆ ಆ ಕಾಗದವೇ ದೊಡ್ಡ ರಕ್ಷಣೆ.

ದಿನಾಂಕವೂ ಮುಖ್ಯ. ಕೋಲಾರದ ಕಡೆಯ ಕುರುಚಲು ಕಾಡುಗಳಲ್ಲಿ ಬದುಕುವ ನಕ್ಷತ್ರ ಆಮೆ ಮೊದಲು ನಾಲ್ಕನೇ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾದಾಗ ಅದು ಮೊದಲನೇ ಅನುಸೂಚಿಗೆ ಏರಿತು. ಈಗ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು. ಆದರೆ ಅದಕ್ಕೆ ಮೊದಲು ನಡೆದ ಅಪರಾಧಕ್ಕೆ ಈ ಹೆಚ್ಚಿನ ಶಿಕ್ಷೆ ಕೊಡುವಂತಿಲ್ಲ. ಸಂವಿಧಾನದ 20ನೇ ವಿಧಿ ಅದನ್ನು ತಡೆಯುತ್ತದೆ.

ಆಮೆ ತುಂಬಿದ ಚೀಲ ಹೊತ್ತವನು ಸಿಕ್ಕಿಬೀಳುತ್ತಾನೆ. ಚೀಲ ಕಟ್ಟಿಸಿದವನು, ಆ ಕಡೆ ಹಣ ಎಣಿಸುವವನು ಅನೇಕ ಸಲ ಸಿಗುವುದಿಲ್ಲ. ವಕೀಲರನ್ನಿಡಲು ಶಕ್ತಿಯಿಲ್ಲದ ಬಂಧಿತರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಉಂಟು. ಇದನ್ನು ಅವರ ಮನೆಯವರಿಗೆ ತಿಳಿಸುವುದು ನಮ್ಮ ಕೆಲಸ.

ಆರೋಪಿಯ ಪರ ವಾದಿಸಿದರೆ ಪ್ರಾಣಿಗಳಿಗೆ ದ್ರೋಹವೆಂದು ನಾವು ಭಾವಿಸಬೇಕಿಲ್ಲ. ಅರೆಬರೆ ಮಹಜರು, ವರದಿಯಿಲ್ಲದ ದೂರಿನಿಂದ ಅಮಾಯಕರು ಜೈಲು ಸೇರಬಹುದು, ನಿಜವಾದ ವ್ಯಾಪಾರಿಯೂ ಖುಲಾಸೆಯಾಗಬಹುದು. ತನಿಖೆ ಅಚ್ಚುಕಟ್ಟಾಗಿದ್ದರೆ ಹುಲಿಯೂ ಉಳಿಯುತ್ತದೆ, ನ್ಯಾಯವೂ ಉಳಿಯುತ್ತದೆ.