ಗಿಡ್ಡ ಕೋವಿಯ ದೊಡ್ಡ ಬಾಯಿ

ಅಬ್ಬಿಗೆರೆಯಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲಿ ಒಬ್ಬ ನಿವೃತ್ತ ಹವಾಲ್ದಾರರಿದ್ದಾರೆ. ಮೂಲ ಊರು ಕೊಡಗು. ಸೇನೆಯಿಂದ ಬಂದ ಮೇಲೆ ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಕಾವಲು ಕೆಲಸ ಮಾಡಿ, ಇಲ್ಲೇ ಒಂದು ತರ್ಟಿ ಫಾರ್ಟಿ ಸೈಟು ಕೊಂಡು ನೆಲೆ ನಿಂತವರು. ವಯಸ್ಸು ಎಂಬತ್ತರ ಹತ್ತಿರ. ಬೀದಿಯವರಿಗೆಲ್ಲ ಅವರು ಹವಾಲ್ದಾರ್ ಅಂಕಲ್. ಸಂಜೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ಹೋದರೆ ಅವರ ಮೊದಲ ಮಾತು ಯಾವಾಗಲೂ ಒಂದೇ: “ಬಾಪ್ಪಾ, ಈ ಕಡೆ ಕೂತ್ಕೋ.”

ಈ ಕಡೆ ಅಂದರೆ ಬಲಗಡೆ. ಎಡಗಡೆ ಕೂತರೆ ಮಾತು ಅವರಿಗೆ ತಲುಪುವುದಿಲ್ಲ. ಬಹಳ ದಿನ ನಾನು ಇದನ್ನು ವಯಸ್ಸಿನ ಕಿವುಡು ಅಂದುಕೊಂಡಿದ್ದೆ. ವಯಸ್ಸಿನಿಂದ ಬರುವ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗೆ ಬರುತ್ತದೆ. ಇವರದು ಮುಖ್ಯವಾಗಿ ಎಡಗಿವಿ. ಪರೀಕ್ಷೆ ಮಾಡಿದ ಡಾಕ್ಟರು ಕಿವಿಯೊಳಗೆ ನೋಡುವ ಮೊದಲೇ “ಯಾವ ಭುಜಕ್ಕೆ ಕೋವಿ ಇಡ್ತಿದ್ರಿ?” ಎಂದು ಕೇಳಿದರಂತೆ. “ಬಲಭುಜ” ಅಂದರಂತೆ ಇವರು. ಅಲ್ಲಿಗೆ ವಿಷಯ ಮುಗಿಯಿತು.

ಬಲಭುಜಕ್ಕೆ ಕೋವಿ ಆನಿಸಿ ಕೆನ್ನೆ ಒತ್ತಿದಾಗ ತಲೆ ಸ್ವಲ್ಪ ಓರೆಯಾಗುತ್ತದೆ. ಬಲಗಿವಿ ಹಿಂದಕ್ಕೆ ಸರಿದು ತಲೆಯ ಮರೆಗೆ ಹೋಗುತ್ತದೆ. ಎಡಗಿವಿ ನಳಿಗೆಯ ಬಾಯಿಗೆ ಮುಖ ಮಾಡುತ್ತದೆ. ಹಾಗಾಗಿ ಬಲಗೈ ಬಂಟರಲ್ಲಿ ಎಡಗಿವಿಯೇ ಮೊದಲು ಕೆಡುವುದು ವೈದ್ಯರಿಗೆ ಹಳೆಯ ಸಂಗತಿ. ಆದರೆ ಒಂದು ಸಂಜೆ ಅಂಕಲ್ ಹೇಳಿದ ಮಾತು ನನ್ನನ್ನು ಬೇರೆ ದಾರಿಗೆ ಹಚ್ಚಿತು. “ಉದ್ದ ಕೋವಿ ಕೆಮ್ಮುತ್ತೆ. ಗಿಡ್ಡ ಕೋವಿ ಬೊಗಳುತ್ತೆ. ಹೊರೋಕೆ ಹಗುರ ಇದ್ದದ್ದು ಕಿವಿಗೆ ಭಾರ.”

ಅವರು 1964ರಲ್ಲಿ ಸೇನೆ ಸೇರಿದಾಗ ಕೈಗೆ ಬಂದದ್ದು ತ್ರೀ ನಾಟ್ ತ್ರೀ. ಒಮ್ಮೆ ಚಾಂದಮಾರಿಯಲ್ಲಿ ಉಸ್ತಾದರು ಅದೇ ಕಾಡತೂಸಿನ ಒಂದು ಗಿಡ್ಡ ರೈಫಲ್ ಕೊಟ್ಟು ಹೊಡೆಯಲು ಹೇಳಿದ್ದರಂತೆ. ಒಂದೇ ತೂಕದ ಮದ್ದು, ಒಂದೇ ಗುಂಡು. ಆದರೂ ಆ ಕೋವಿಯ ಸದ್ದು ಹಲ್ಲಿನವರೆಗೆ ಬಂತು, ಬಾಯಿಂದ ಬೆಂಕಿಯ ಹೂವು ಎದ್ದಿತು ಎನ್ನುತ್ತಾರೆ.

ಯಾಕೆ ಹೀಗೆ? ಕುಕ್ಕರನ್ನು ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತು ಬಿಟ್ಟು ವೈಟ್ ಎತ್ತಿದರೆ ಆವಿ ‘ಉಸ್’ ಎಂದು ಮೆತ್ತಗೆ ಹೋಗುತ್ತದೆ. ತಕ್ಷಣ ಎತ್ತಿದರೆ ಅಡಿಗೆಮನೆಯೇ ಬೆಚ್ಚುವ ಹಾಗೆ ಕಿರುಚುತ್ತದೆ. ಕೋವಿಯ ನಳಿಗೆಯಲ್ಲೂ ನಡೆಯುವುದು ಇಂಥದ್ದೇ. ಮದ್ದು ಉರಿದು ಅನಿಲವಾಗಿ ಗುಂಡನ್ನು ತಳ್ಳುತ್ತದೆ. ಗುಂಡು ಮುಂದೆ ಹೋದಷ್ಟೂ ಅನಿಲಕ್ಕೆ ಹರಡಲು ಜಾಗ ಸಿಗುತ್ತದೆ, ಒತ್ತಡ ಇಳಿಯುತ್ತದೆ. ಗುಂಡು ಬಾಯಿ ದಾಟಿದ ಕ್ಷಣ, ಅದರ ಹಿಂದೆ ಉಳಿದ ಒತ್ತಡವೆಲ್ಲ ಒಟ್ಟಿಗೆ ಹೊರಗೆ ಹಾರಿ ಗಾಳಿಯನ್ನು ಗುದ್ದುತ್ತದೆ. ನಾವು ಕೇಳುವ ‘ಢಮ್’ ಮುಖ್ಯವಾಗಿ ಆ ಗುದ್ದು. ನಳಿಗೆ ಗಿಡ್ಡವಾದರೆ ಗುಂಡು ಬೇಗ ಹೊರಬೀಳುತ್ತದೆ. ಒತ್ತಡ ಇನ್ನೂ ಇಳಿದಿರುವುದಿಲ್ಲ, ಮದ್ದು ಪೂರ್ತಿ ಉರಿದೂ ಇರುವುದಿಲ್ಲ. ಉಳಿದದ್ದು ಹೊರಗಿನ ಗಾಳಿಯಲ್ಲಿ ಉರಿಯುತ್ತದೆ. ಅದೇ ಅಂಕಲ್ ಕಂಡ ಬೆಂಕಿಯ ಹೂವು. ಇದರ ಮೇಲೆ, ನಳಿಗೆ ಎಷ್ಟು ಇಂಚು ಮೋಟಾಯಿತೋ ಆ ಬಾಯಿ ಅಷ್ಟು ಇಂಚು ನಮ್ಮ ಕಿವಿಗೆ ಹತ್ತಿರ ಬಂದಿರುತ್ತದೆ.

ಇನ್ನೊಂದು ಸದ್ದೂ ಇದೆ. ತ್ರೀ ನಾಟ್ ತ್ರೀಯ ಗುಂಡು ಸೆಕೆಂಡಿಗೆ ಸುಮಾರು 740 ಮೀಟರ್ ಹೋಗುತ್ತದೆ, ಶಬ್ದದ ವೇಗದ ಎರಡರಷ್ಟಕ್ಕೂ ಹೆಚ್ಚು. ಹಾಗೆ ಹೋಗುವ ಗುಂಡು ದಾರಿಯುದ್ದಕ್ಕೂ ‘ಚಟ್’ ಎಂದು ಗಾಳಿಯನ್ನು ಸೀಳುತ್ತದೆ. ಎದುರಿಗಿದ್ದವನಿಗೆ ಮೊದಲು ಚಟ್, ಆಮೇಲೆ ಢಮ್. ಹೊಡೆದವನ ಕಿವಿಗೆ ಬೀಳುವುದು ಢಮ್.

ಇಷ್ಟು ತಿಳಿದ ಮೇಲೆ ಕೋವಿಗಳ ಚರಿತ್ರೆಯನ್ನು ಇಂಚುಪಟ್ಟಿ ಹಿಡಿದು ಓದಿದೆ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಗೆ ಲಗ್ಗೆಯಿಟ್ಟ ಕಾಲ ಕರಿಮದ್ದಿನ ಮಸ್ಕೆಟ್‌ಗಳದ್ದು. ಬ್ರಿಟಿಷ್ ಮಸ್ಕೆಟ್ಟಿನ ನಳಿಗೆ ಮೊದಲು 46 ಇಂಚು ಇತ್ತು, ಆಮೇಲೆ 42 ಆಯಿತು. ಈಸ್ಟ್ ಇಂಡಿಯಾ ಕಂಪನಿಯ ಪಡೆಗೆಂದು ರೂಪುಗೊಂಡ ‘ಇಂಡಿಯಾ ಪ್ಯಾಟರ್ನ್’ನಲ್ಲಿ 39ಕ್ಕೆ ಇಳಿಯಿತು. ಅಷ್ಟು ಉದ್ದ ಯಾಕೆ ಬೇಕಿತ್ತು ಎಂಬುದಕ್ಕೆ ಒಂದು ಕಾರಣ ಬಂದೂಕಿನ ತುದಿಯ ಬಾಕು. ಇನ್ನೊಂದು ಕಾರಣ ನಮ್ಮ ವಿಷಯಕ್ಕೆ ನೇರ ಸೇರುತ್ತದೆ. ಸಿಪಾಯಿಗಳು ಒಬ್ಬರ ಹಿಂದೆ ಒಬ್ಬರಂತೆ ಸಾಲುಗಟ್ಟಿ ನಿಂತು ಹೊಡೆಯುತ್ತಿದ್ದರು. ಹಿಂದಿನ ಸಾಲಿನವನ ನಳಿಗೆಯ ಬಾಯಿ ಮುಂದಿನವನ ಮುಖ ದಾಟಿ ಆಚೆ ಹೋಗಬೇಕಿತ್ತು. ಇಲ್ಲದಿದ್ದರೆ ಬೆಂಕಿ, ಸದ್ದು ಎರಡೂ ಅವನ ಕೆನ್ನೆಗೇ.

ಸಾಲುಗಟ್ಟಿ ಹೊಡೆಯುವ ಕಾಲ ಮುಗಿದ ಹಾಗೆ ಈ ಕಾರಣವೂ ಹೋಯಿತು. 1884ರಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದು ಬಂತು. ಕರಿಮದ್ದಿಗಿಂತ ಎಷ್ಟೋ ಹೆಚ್ಚು ಒತ್ತಡ ಹುಟ್ಟಿಸುವ ಮದ್ದು ಅದು. ಬ್ರಿಟಿಷರ ಮೊದಲ ತ್ರೀ ನಾಟ್ ತ್ರೀಗಳಿಗೆ ಸುಮಾರು 30 ಇಂಚಿನ ನಳಿಗೆಯಿತ್ತು. ಕುದುರೆ ಸವಾರರಿಗೆ ಅಷ್ಟುದ್ದದ ಕೋವಿ ದೊಡ್ಡ ಪೀಡೆ. ಅವರಿಗೆಂದು ಸುಮಾರು 21 ಇಂಚಿನ ಕಾರ್ಬೈನ್ ಬೇರೆ ಇತ್ತು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಪೆಟ್ಟು ತಿಂದ ಮೇಲೆ, ಕಾಲಾಳಿಗೂ ಸವಾರನಿಗೂ ಒಂದೇ ಕೋವಿ ಸಾಕೆಂದು 25 ಇಂಚಿನ ರೈಫಲ್ ಮಾಡಿದರು. ಅಂಕಲ್ ಕೈಗೆ ಬಂದ ತ್ರೀ ನಾಟ್ ತ್ರೀ ಆ ವಂಶದ್ದು.

ಮುಂದಿನ ಮೊಟಕು ಬರ್ಮಾ ಕಾಡಿಗಾಗಿ ಆಯಿತು. ಎರಡನೇ ಮಹಾಯುದ್ಧದ ಆ ದಿನಗಳಲ್ಲಿ ನಮ್ಮ ಪಕ್ಕದ ಜಾಲಹಳ್ಳಿಯಲ್ಲಿ ಸೇನಾ ಆಸ್ಪತ್ರೆಗಳಿದ್ದವು. ಪೂರ್ವದ ಕಾಡುಗಳಲ್ಲಿ ಬಿದಿರು, ಬಳ್ಳಿಗಳ ನಡುವೆ ನುಸುಳುವವನಿಗೆ 25 ಇಂಚೂ ಉದ್ದವೇ. 1944ರಲ್ಲಿ ನಂಬರ್ 5 ರೈಫಲ್ ತಯಾರಾಗತೊಡಗಿತು. ಜನ ಅದನ್ನು ಕರೆದದ್ದು ಜಂಗಲ್ ಕಾರ್ಬೈನ್ ಎಂದು. ನಳಿಗೆ 18.75 ಇಂಚು. ಕಾಡತೂಸು ಮಾತ್ರ ಹಳೆಯದೇ. ಬೆಂಕಿ ಕಣ್ಣಿಗೆ ಹೊಡೆಯುತ್ತಿದ್ದರಿಂದ ಬಾಯಿಗೆ ಆಲಿಕೆಯ ಹಾಗೆ ಅಗಲವಾಗುವ ಲೋಹದ ಮೂತಿ ತೊಡಿಸಿದರು. ಒದೆತ ಹೆಚ್ಚಿದ್ದರಿಂದ ಹಿಡಿಯ ಹಿಂಬದಿಗೆ ರಬ್ಬರು ಕೂರಿಸಿದರು. ಕಣ್ಣಿಗೊಂದು ಉಪಾಯ, ಭುಜಕ್ಕೊಂದು ಉಪಾಯ. ಕಿವಿಗೆ ಏನೂ ಇಲ್ಲ. ಆ ಮೂತಿ ಬೆಂಕಿಯನ್ನು ಮರೆಸುತ್ತದೆ, ಸದ್ದನ್ನು ಕಡಿಮೆ ಮಾಡುವುದಿಲ್ಲ. 1947ಕ್ಕೆ ಅದರ ತಯಾರಿಕೆ ನಿಂತಿತು. ಅಂಕಲ್ ಹೇಳುವ ಗಿಡ್ಡ ರೈಫಲ್ಲಿನ ಚಹರೆ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಹಾಗೆಂದು ಉದ್ದ ಕೋವಿ ಕಿವಿಗೆ ಕ್ಷೇಮ ಅಂದುಕೊಳ್ಳಬಾರದು. ಒಂದೇ ಏಟಿಗೆ ಕಿವಿಗೆ ಹಾನಿಯಾಗಬಹುದಾದ ಮಟ್ಟ 140 ಡೆಸಿಬಲ್ ಎನ್ನುತ್ತಾರೆ. ಸೇನೆಯ ಯಾವ ರೈಫಲ್ ಆದರೂ ಹೊಡೆದವನ ಕಿವಿಯ ಬಳಿ ಅದನ್ನು ದಾಟುತ್ತದೆ. ಡೆಸಿಬಲ್ ಲೆಕ್ಕದಲ್ಲಿ ಮೂರು ಹೆಚ್ಚಿದರೆ ಶಬ್ದದ ಶಕ್ತಿ ಇಮ್ಮಡಿ. ಆದ್ದರಿಂದ ಅಂಕೆಯಲ್ಲಿ ಸಣ್ಣದಾಗಿ ಕಾಣುವ ಏರಿಕೆ ಕಿವಿಗೆ ಸಣ್ಣದಲ್ಲ. ಮೆಷಿನ್ ಗನ್ ಕಂಡುಹಿಡಿದ ಹಿರಾಮ್ ಮ್ಯಾಕ್ಸಿಮ್ ತನ್ನದೇ ಕೋವಿಗಳ ಸದ್ದಿನಿಂದ ಬಹುಪಾಲು ಕಿವುಡನಾದ. 1909ರಲ್ಲಿ ಕೋವಿಯ ಸದ್ದಡಗಿಸುವ ಸೈಲೆನ್ಸರ್‌ಗೆ ಪೇಟೆಂಟ್ ಪಡೆದವನು ಅವನ ಮಗ. ಉದ್ದ ನಳಿಗೆ ಮಾಡುವ ಕೆಲಸವನ್ನೇ ಸೈಲೆನ್ಸರ್ ಅಗಲದಲ್ಲಿ ಮಾಡುತ್ತದೆ: ಅನಿಲ ಹೊರಬೀಳುವ ಮೊದಲು ಅದಕ್ಕೆ ಹರಡಲು ಜಾಗ ಕೊಡುತ್ತದೆ.

ಅಂಕಲ್ಲಿಗೆ ಕೋವಿಯ ಸದ್ದಿನ ಮೇಲೆ ಸಿಟ್ಟಿಲ್ಲ. ಅವರ ಊರಿನಲ್ಲಿ ಸದ್ದು ಒಂದು ಮಾತು. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಒಂದರ ಹಿಂದೆ ಒಂದರಂತೆ ಎರಡು ಈಡು. ಬೆಟ್ಟದಾಚೆಯ ಮನೆಯವರೂ ಎಣಿಸಿ ತಿಳಿದುಕೊಳ್ಳುತ್ತಿದ್ದರು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳಿಗೆ ತೋಕ್‌ಪೂ ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಸಿಕ್ಕ ಕೋವಿ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. “ನಮ್ಮ ಅಜ್ಜನ ಕೋವಿ ನನ್ನ ಎದೆಮಟ್ಟ ಇತ್ತು. ವರ್ಷಕ್ಕೆ ನಾಲ್ಕು ಸಲ ಹೊಡೀತಿದ್ರು. ಅಜ್ಜನಿಗೆ ಸಾಯೋತನಕ ಕಿವಿ ಚೆನ್ನಾಗಿತ್ತು” ಎನ್ನುತ್ತಾರೆ ಅಂಕಲ್. ಕರಿಮದ್ದು, ಉದ್ದ ನಳಿಗೆ, ಬಯಲು, ವರ್ಷಕ್ಕೆ ನಾಲ್ಕು. ಚಾಂದಮಾರಿಯಲ್ಲಿ ಒಂದೇ ಬೆಳಿಗ್ಗೆ ಹತ್ತಾರು ಸುತ್ತು, ಎಡಬಲಕ್ಕೆ ಮಲಗಿದವರ ಕೋವಿಗಳ ಸದ್ದು ಬೇರೆ.

“ಕಿವಿಗೆ ಏನೂ ಹಾಕ್ತಿರಲಿಲ್ವಾ?” ಎಂದು ಕೇಳಿದೆ.

“ಹತ್ತಿ ಇಟ್ಕೊಂಡ್ರೆ ಪಕ್ಕದವರು ನಗ್ತಿದ್ರು. ಮೊದಮೊದಲು ಕಿವಿ ಗುಂಯ್ ಅಂತಿತ್ತು. ಆಮೇಲೆ ಅಭ್ಯಾಸ ಆಯ್ತು.”

ಈ ‘ಅಭ್ಯಾಸ’ ಎಂಬ ಮಾತು ನನಗೆ ಮೈಸೂರನ್ನು ನೆನಪಿಸಿತು. ದಸರೆಗೆ ಮೊದಲು ಆನೆ, ಕುದುರೆಗಳಿಗೆ ಸಿಡಿಮದ್ದು ತಾಲೀಮು ನಡೆಯುತ್ತದೆ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿದಾಗ ಬೆದರದಿರಲಿ ಎಂದು ಅವುಗಳ ಎದುರು ಮೊದಲೇ ಫಿರಂಗಿ ಸಿಡಿಸುತ್ತಾರೆ. ಹೊಸ ಆನೆ ಮೊದಲ ದಿನ ಬೆಚ್ಚಿ ಹಿಂದೆ ಸರಿಯುತ್ತದೆ, ಆಮೇಲೆ ಸುಮ್ಮನೆ ನಿಲ್ಲುತ್ತದೆ. ಅಲ್ಲಿ ಕಲಿಯುವುದು ಆನೆಯ ಮನಸ್ಸು: ಈ ಸದ್ದಿನಿಂದ ಕೇಡಿಲ್ಲ ಎಂಬ ನಂಬಿಕೆ. ಮನುಷ್ಯನ ಮನಸ್ಸೂ ಹಾಗೆ ಕಲಿಯುತ್ತದೆ. ಕಿವಿ ಕಲಿಯುವುದಿಲ್ಲ. ಒಳಗಿವಿಯಲ್ಲಿ ಶಬ್ದವನ್ನು ಹಿಡಿಯುವ ಕೂದಲಿನಂಥ ಸಣ್ಣ ಜೀವಕೋಶಗಳಿವೆ. ಮನುಷ್ಯರಲ್ಲಿ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಎತ್ತರದ ಸ್ವರಗಳು: ಹಕ್ಕಿಯ ಚಿಲಿಪಿಲಿ, ಮಕ್ಕಳ ದನಿ, ‘ಸ’, ‘ಶ’ಗಳ ಅಂಚು. ಅಂಕಲ್ ಅಭ್ಯಾಸ ಎಂದುಕೊಂಡದ್ದರಲ್ಲಿ ಒಂದು ಪಾಲು ಆಗಲೇ ಕೇಳಿಸದೆ ಹೋಗಿದ್ದ ಸದ್ದು.

ಅಲ್ಲಿಂದೀಚೆಗೆ ಕೋವಿಗಳು ಮತ್ತಷ್ಟು ಗಿಡ್ಡವಾದವು. ನಮ್ಮ ಇನ್ಸಾಸ್ ರೈಫಲ್ಲಿನ ನಳಿಗೆ 464 ಮಿಲಿಮೀಟರ್, ಅಂದರೆ 18 ಇಂಚು ಚಿಲ್ಲರೆ. ಎಕೆ-47ರದು 415. ವಾಹನದಿಂದ ಇಳಿಯುವವನಿಗೆ, ಮನೆಯೊಳಗೆ ನುಗ್ಗುವವನಿಗೆ ಗಿಡ್ಡ ಕೋವಿಯೇ ಬೇಕು. ಆ ಕಾರಣಗಳು ಸುಳ್ಳಲ್ಲ. ಹಳೆಯ ರೈಫಲ್ಲುಗಳ ವಿವರ ತೆಗೆದು ನೋಡಿದರೆ ನಳಿಗೆಯ ಉದ್ದ, ತೂಕ, ಗುಂಡಿನ ವೇಗ, ಗುರಿಯ ದೂರ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಹೊಡೆದವನ ಕಿವಿಗೆ ಬಿದ್ದದ್ದೆಷ್ಟು ಎಂಬ ಸಾಲನ್ನು ನಾನು ಓದಿದ ಯಾವ ಹಳೆಯ ಪಟ್ಟಿಯಲ್ಲೂ ಕಾಣಲಿಲ್ಲ. ಆ ಲೆಕ್ಕ ಇರುವುದು ಇಂಥ ಮನೆಗಳ ಗೇಟಿನ ಬಳಿ, ಸಂಜೆಯ ಕುರ್ಚಿಗಳಲ್ಲಿ.

ಕಳೆದ ದೀಪಾವಳಿಯಲ್ಲಿ ನಮ್ಮ ಬೀದಿಯ ಹುಡುಗರು ಆಟಂ ಬಾಂಬಿನ ಮೇಲೆ ಕಬ್ಬಿಣದ ಡಬ್ಬ ಕವುಚಿ ಹಚ್ಚುತ್ತಿದ್ದರು. ಅಂಕಲ್ ಎದ್ದು ಹೋದರು. ಬೈಯುತ್ತಾರೆ ಎಂದುಕೊಂಡು ಹುಡುಗರು ಚದುರಿದರು. ಅವರು ಬೈಯಲಿಲ್ಲ. ಜೇಬಿನಿಂದ ಹತ್ತಿಯ ಉಂಡೆ ತೆಗೆದು, ಒಬ್ಬೊಬ್ಬನಿಗೂ ಎರಡೆರಡು ಎಸಳು ಕಿತ್ತು ಕೊಟ್ಟರು. “ಡಬ್ಬ ತೆಗೀರಿ, ದೂರ ನಿಂತ್ಕೊಳ್ಳಿ” ಅಂದರು. ವಾಪಸು ಬಂದು ಕುರ್ಚಿಯಲ್ಲಿ ಕೂತರು. ನಾನು ಅವರ ಬಲಗಡೆಗೆ ಸರಿದು ಕೂತೆ.