ನವಜಾತ ನ್ಯೂಟ್ರಾನ್ ನಕ್ಷತ್ರಗಳ ಒಡಲಿನ ಅಪರೂಪದ ದ್ರವ್ಯ: ಸಾರ್ವಜನಿಕರ ಮಾಹಿತಿಗಾಗಿ

ಸೂರ್ಯನ ಸುಮಾರು ಎಂಟು ಪಟ್ಟಿಗೂ ಅಧಿಕ ದ್ರವ್ಯರಾಶಿಯುಳ್ಳ ನಕ್ಷತ್ರವು ಇಂಧನ ತೀರಿದ ತರುವಾಯ ತನ್ನ ಭಾರದಿಂದಲೇ ಕುಸಿದು ಸಿಡಿಯುತ್ತದೆ. ಇದನ್ನು ಸೂಪರ್‌ನೋವಾ ಎನ್ನಲಾಗುತ್ತದೆ. ಕುಸಿದ ತಿರುಳು ಸುಮಾರು 20ರಿಂದ 25 ಕಿ.ಮೀ. ವ್ಯಾಸದ ನ್ಯೂಟ್ರಾನ್ ನಕ್ಷತ್ರವಾಗಿ ಉಳಿಯಬಹುದು. ಇದರ ಒಂದು ಚಮಚ ದ್ರವ್ಯವು ನೂರಾರು ಕೋಟಿ ಟನ್ ತೂಗುತ್ತದೆ.

ಇಷ್ಟು ಒತ್ತಡದಲ್ಲಿ ಕೇಂದ್ರಭಾಗದ ನ್ಯೂಟ್ರಾನ್‌ಗಳು ಹಾಗೆಯೇ ಉಳಿಯುವುವೇ ಎಂಬುದು ಇತ್ಯರ್ಥವಾಗದ ಪ್ರಶ್ನೆಯಾಗಿದೆ. ಹೈಪರಾನ್, ಕೇಯಾನ್ ಎಂಬ ಕಣಗಳು ತಲೆದೋರಬಹುದು. ಅಥವಾ ನ್ಯೂಟ್ರಾನ್‌ಗಳೇ ಕರಗಿ ಬಿಡಿ ಕ್ವಾರ್ಕ್‌ಗಳಾಗಬಹುದು. ಆಗತಾನೆ ಹುಟ್ಟಿದ ನಕ್ಷತ್ರದೊಳಗೆ ಸಿಲುಕಿಕೊಂಡ ನ್ಯೂಟ್ರಿನೊಗಳು ಈ ಬದಲಾವಣೆಯನ್ನು ತಡೆಹಿಡಿಯುತ್ತವೆ. ಅವು ಕೆಲವು ಹತ್ತು ಸೆಕೆಂಡುಗಳಲ್ಲಿ ಹೊರಬಿದ್ದ ಮೇಲೆ ಹೊಸ ಕಣಗಳು ಮೂಡಿ, ನಕ್ಷತ್ರವನ್ನು ಎತ್ತಿಹಿಡಿದಿರುವ ಒತ್ತಡ ತಗ್ಗುತ್ತದೆ. ಭಾರ ಮಿತಿಮೀರಿದ್ದಲ್ಲಿ ಅದು ಕಪ್ಪುಕುಳಿಯಾಗಿ ಕುಸಿಯುತ್ತದೆ.

ಇಂತಹ ಜನನದ ನೇರ ಸಾಕ್ಷ್ಯವು ಈವರೆಗೆ ಒಮ್ಮೆ ಮಾತ್ರ ದೊರೆತಿದೆ. ದಿನಾಂಕ 23-02-1987ರಂದು ಭಾರತೀಯ ಕಾಲಮಾನ ಮಧ್ಯಾಹ್ನ 1.05ರ ವೇಳೆಗೆ, ಸುಮಾರು 1,68,000 ಜ್ಯೋತಿರ್ವರ್ಷ ದೂರದ ಸೂಪರ್‌ನೋವಾದ ನ್ಯೂಟ್ರಿನೊಗಳು ಭೂಮಿಯನ್ನು ತಲುಪಿದವು. ಆ ನಕ್ಷತ್ರವು ಆಗ ಮಲೆನಾಡಿನ ದಿಗಂತದ ಕೆಳಗಿದ್ದುದರಿಂದ, ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯಲ್ಲಿ ಅವು ನೆಲದಡಿಯಿಂದಲೇ ಮೇಲೆದ್ದು ಊರನ್ನೂ ಜನರನ್ನೂ ಹಾದುಹೋದವು. ಯಾರ ಅರಿವಿಗೂ ಬರಲಿಲ್ಲ. ಜಪಾನಿನ ಕಾಮಿಯೊಕಾಂಡೆ ಉಪಕರಣದಲ್ಲಿ 11, ಅಮೆರಿಕದ ಐಎಂಬಿ ಉಪಕರಣದಲ್ಲಿ 8 ಸಂಕೇತಗಳು ದಾಖಲಾದವು. ಒಳಗಿನ ದ್ರವ್ಯವನ್ನು ನಿರ್ಧರಿಸಲು ಇವು ಸಾಲವು.

ಕೇಯಾನ್‌ಗಳ ಕಾರಣದಿಂದ ಅಲ್ಲಿ ಕಪ್ಪುಕುಳಿ ಉಂಟಾಗಿರಬಹುದೆಂದು ಬೆಥೆ ಮತ್ತು ಬ್ರೌನ್ 1994ರಲ್ಲಿ ಸೂಚಿಸಿದ್ದರು. ಆದರೆ 2010ರಲ್ಲಿ ಸೂರ್ಯನ ಸುಮಾರು ಎರಡು ಪಟ್ಟು ಭಾರದ ನ್ಯೂಟ್ರಾನ್ ನಕ್ಷತ್ರವೊಂದು ಅಳತೆಗೆ ಸಿಕ್ಕಿದ್ದರಿಂದ ಈ ವಾದ ದುರ್ಬಲಗೊಂಡಿತು. 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ವೀಕ್ಷಣೆಗಳು ಅಲ್ಲಿ ನ್ಯೂಟ್ರಾನ್ ನಕ್ಷತ್ರವೇ ಉಳಿದಿರುವುದನ್ನು ಬಲವಾಗಿ ಸೂಚಿಸಿವೆ.

ರಾಜ್ಯದ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯು ನಿರ್ಮಿಸಿದ ಪೋಲಿಕ್ಸ್ ಉಪಕರಣವನ್ನು ದಿನಾಂಕ 01-01-2024ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಉಡಾಯಿಸಲಾಯಿತು. ಇದು ನ್ಯೂಟ್ರಾನ್ ನಕ್ಷತ್ರಗಳೂ ಸೇರಿದಂತೆ ಪ್ರಖರ ಆಕಾಶಕಾಯಗಳ ಕ್ಷ-ಕಿರಣಗಳನ್ನು ಪರಿಶೀಲಿಸಲು ರೂಪಿಸಿದ ಉಪಕರಣ.

ಮಲೆನಾಡಿನ ರೈತರಿಗೆ ಮಳೆನಕ್ಷತ್ರವಾಗಿ ಪರಿಚಿತವಾದ ಆರಿದ್ರಾ ಸಹ ಮುಂದೊಮ್ಮೆ ಹೀಗೆ ಕುಸಿಯತಕ್ಕದ್ದೇ ಆಗಿದೆ. ಅದು 2019-20ರಲ್ಲಿ ಮಂಕಾದುದು ಧೂಳಿನ ಮರೆಯಿಂದ. ಸಿಡಿತಕ್ಕೆ ಸಾವಿರಾರು ವರ್ಷಗಳೇ ಬೇಕಾಗಬಹುದಾಗಿದ್ದು, ಸಾರ್ವಜನಿಕರು ಗಾಬರಿಪಡುವ ಅಗತ್ಯವಿರುವುದಿಲ್ಲ. ನಮ್ಮ ಗ್ಯಾಲಕ್ಸಿಯಲ್ಲೇ ಅಂತಹ ಸಿಡಿತ ನಡೆದಲ್ಲಿ ಸಂಕೇತಗಳು ಸಾವಿರಗಟ್ಟಲೆ ದೊರೆಯುತ್ತವೆ. ಅವು ನಿಧಾನವಾಗಿ ಕ್ಷೀಣಿಸದೆ ನಡುವೆ ಥಟ್ಟನೆ ನಿಂತುಹೋದರೆ, ನಕ್ಷತ್ರವು ಕಪ್ಪುಕುಳಿಯಾಯಿತೆಂದು ತಿಳಿಯಬಹುದಾಗಿದೆ.