ಆಭರಣ ರಫ್ತು

ಆಭರಣ ರಫ್ತು ಎಂದರೆ ಚಿನ್ನ, ಬೆಳ್ಳಿ, ಪ್ಲಾಟಿನಂ, ರತ್ನಗಳು ಅಥವಾ ಸಾಮಾನ್ಯ ಲೋಹಗಳಿಂದ ತಯಾರಿಸಿದ ಒಡವೆಗಳನ್ನು ವಿದೇಶದ ಖರೀದಿದಾರರಿಗೆ ಮಾರಿ ಕಳುಹಿಸುವ ವ್ಯಾಪಾರವಾಗಿದೆ. ಭಾರತದಲ್ಲಿ ಈ ವ್ಯಾಪಾರವು ವಿದೇಶಿ ವ್ಯಾಪಾರ, ಸೀಮಾಸುಂಕ, ವಿದೇಶಿ ವಿನಿಮಯ, ತೆರಿಗೆ ಹಾಗೂ ಲೋಹದ ಪರಿಶುದ್ಧತೆಗೆ ಸಂಬಂಧಿಸಿದ ಹಲವು ಕಾನೂನುಗಳಿಗೆ ಒಳಪಟ್ಟಿದೆ. ಬೇರೆ ಸರಕುಗಳ ರಫ್ತಿಗಿಂತ ಇದರಲ್ಲಿ ಅಪಾಯ ಹೆಚ್ಚು. ಅಂಗೈಯಲ್ಲಿ ಹಿಡಿಯುವಷ್ಟು ಸರಕಿನಲ್ಲಿ ಲಕ್ಷಗಟ್ಟಲೆ ಹಣ ಅಡಗಿರುತ್ತದೆ. ಗಡಿ ದಾಟಿದ ಒಡವೆಯನ್ನು ಮರಳಿ ಪಡೆಯುವುದು ಕಷ್ಟ. ಕೆಲವು ವಿಧಾನಗಳಲ್ಲಿ ಬಂದ ಹಣವೂ ತಿಂಗಳುಗಳ ಬಳಿಕ ಹಿಂದಕ್ಕೆ ಹೋಗಬಹುದು. ಹೀಗಿದ್ದರೂ ರಫ್ತಿನ ಹಣವನ್ನು ದೇಶಕ್ಕೆ ತರುವ ಕಾನೂನಿನ ಹೊಣೆ ಮಾರಾಟಗಾರನದೇ ಆಗಿರುತ್ತದೆ.

ರಾಯಚೂರು ಜಿಲ್ಲೆಯ ಹಿನ್ನೆಲೆ

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರು ತಾಲ್ಲೂಕುಗಳಿಗೆ ಚಿನ್ನದೊಂದಿಗೆ ಹಳೆಯ ನಂಟಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನ ಕಾಲದ ಗಣಿಗಾರಿಕೆಯ ಕುರುಹುಗಳಿವೆ. ಇಲ್ಲಿನ ಗಣಿ ಕಂಪನಿಯು 1947ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಸ್ಥಾಪನೆಗೊಂಡಿತು. ಇಂದು ಅದು ಹಟ್ಟಿ ಚಿನ್ನದ ಗಣಿ ಕಂಪನಿ ನಿಯಮಿತ ಎಂಬ ಹೆಸರಿನ ಕರ್ನಾಟಕ ಸರ್ಕಾರದ ಉದ್ಯಮ. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ನಂತರ ಹಟ್ಟಿಯೇ ದೇಶದ ಪ್ರಮುಖ ಚಿನ್ನದ ಗಣಿಯಾಗಿ ಉಳಿಯಿತು. ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಉಲ್ಲೇಖಿಸುವ ಶಾಸನವನ್ನು 1915ರಲ್ಲಿ ಪತ್ತೆಹಚ್ಚಿದ ಸಿ. ಬೀಡನ್ ಅವರು ಚಿನ್ನದ ಗಣಿಯ ಇಂಜಿನಿಯರ್ ಆಗಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿಂದ ಭತ್ತದ ಕಣಜವಾದ ಸಿಂಧನೂರಿನಲ್ಲಿ ಸುಗ್ಗಿಯ ಹಣದ ಒಂದು ಪಾಲು ಒಡವೆಗೆ ಹೋಗುವುದು ವಾಡಿಕೆ.

ಆದರೆ ಗಣಿ ಸಮೀಪದಲ್ಲಿದ್ದ ಮಾತ್ರಕ್ಕೆ ರಫ್ತು ಸುಲಭವಾಗುವುದಿಲ್ಲ. ಹಟ್ಟಿಯ ವಾರ್ಷಿಕ ಉತ್ಪಾದನೆ ಒಂದೆರಡು ಟನ್ನಿನ ಆಸುಪಾಸಿನಲ್ಲಿದ್ದರೆ, ಭಾರತವು ವರ್ಷಕ್ಕೆ ನೂರಾರು ಟನ್ ಚಿನ್ನವನ್ನು ಆಮದು ಮಾಡಿಕೊಳ್ಳುತ್ತದೆ. ಆದ್ದರಿಂದ ಈ ಭಾಗದ ಪತ್ತಾರರಿಗೂ ಬೆಂಗಳೂರು, ಮುಂಬಯಿಯ ಅಕ್ಕಸಾಲಿಗರಿಗೂ ಚಿನ್ನ ದೊರೆಯುವುದು ಮಾರುಕಟ್ಟೆಯ ದರದಲ್ಲೇ. ಇಲ್ಲಿಂದ ಹೊರದೇಶಕ್ಕೆ ಹೋಗಬಲ್ಲದ್ದು ಕೈಕೆಲಸ: ಬೋರಮಾಳ, ಗುಂಡಿನ ಸರ, ಜುಮುಕಿ, ಬುಗುಡಿಯಂತಹ ಉತ್ತರ ಕರ್ನಾಟಕದ ಒಡವೆಗಳು ಹಾಗೂ ತಾಂಡಾಗಳ ಲಂಬಾಣಿ ಆಭರಣಗಳು.

ನೋಂದಣಿ ಮತ್ತು ತೆರಿಗೆ

ವಾಣಿಜ್ಯ ಉದ್ದೇಶದ ರಫ್ತಿಗೆ ವಿದೇಶಿ ವ್ಯಾಪಾರ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯಿದೆ, 1992ರ ಅಡಿಯಲ್ಲಿ ಆಮದು-ರಫ್ತು ಸಂಕೇತ ಸಂಖ್ಯೆ ಅಗತ್ಯ. ಇದನ್ನು ಐಇಸಿ ಎಂದು ಕರೆಯುತ್ತಾರೆ. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವು ಇದನ್ನು ಅಂತರ್ಜಾಲದ ಮೂಲಕ ನೀಡುತ್ತದೆ. ಈಗ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆಯಾಗಿರುತ್ತದೆ. ರಫ್ತು ನೀತಿಯ ಸೌಲಭ್ಯಗಳನ್ನು ಪಡೆಯಲು 1966ರಲ್ಲಿ ಸ್ಥಾಪನೆಯಾದ ರತ್ನ ಮತ್ತು ಆಭರಣ ರಫ್ತು ಉತ್ತೇಜನ ಮಂಡಳಿಯ ಸದಸ್ಯತ್ವ ಪ್ರಮಾಣಪತ್ರ ಬೇಕಾಗುತ್ತದೆ.

ಆಭರಣಗಳು ಸುಂಕ ಪಟ್ಟಿಯ 71ನೇ ಅಧ್ಯಾಯದಲ್ಲಿ ಬರುತ್ತವೆ. ಅಮೂಲ್ಯ ಲೋಹದ ಒಡವೆಗಳಿಗೆ 7113, ಕೃತಕ ಆಭರಣಗಳಿಗೆ 7117 ಶೀರ್ಷಿಕೆ ಸಂಖ್ಯೆ ಅನ್ವಯಿಸುತ್ತದೆ. ಹಿತ್ತಾಳೆ, ಗಾಜಿನ ಮಣಿಗಳ ಲಂಬಾಣಿ ಸರವನ್ನು ಬೆಳ್ಳಿಯ ಒಡವೆ ಎಂದು ಘೋಷಿಸಿದರೆ, ಅಥವಾ ಬೆಳ್ಳಿಯದನ್ನು ಕೃತಕ ಎಂದರೆ, ಅದು ತಪ್ಪು ಘೋಷಣೆಯಾಗುತ್ತದೆ. ಅಂತಹ ಸರಕನ್ನು ಸೀಮಾಸುಂಕ ಕಾಯಿದೆ, 1962ರ ಪ್ರಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು.

ದೇಶದೊಳಗೆ ಆಭರಣದ ಮೇಲೆ ಶೇ. 3ರಷ್ಟು ಜಿಎಸ್‌ಟಿ ಇದೆ. ರಫ್ತು ಶೂನ್ಯ ದರದ ಪೂರೈಕೆಯಾಗಿದ್ದು, ಮುಚ್ಚಳಿಕೆ ಪತ್ರ ಸಲ್ಲಿಸಿ ತೆರಿಗೆ ಕಟ್ಟದೆ ಕಳುಹಿಸಬಹುದು; ಇಲ್ಲವೇ ತೆರಿಗೆ ಕಟ್ಟಿ ಮರುಪಾವತಿ ಪಡೆಯಬಹುದು. ಮುಚ್ಚಳಿಕೆಯ ಮೇಲೆ ಕಳುಹಿಸುವ ಸರಕು ಬಿಲ್ಲಿನ ದಿನಾಂಕದಿಂದ ಮೂರು ತಿಂಗಳೊಳಗೆ ದೇಶ ಬಿಡಬೇಕು.

ಹಾಲ್‌ಮಾರ್ಕ್

ಭಾರತದಲ್ಲಿ ಚಿನ್ನದ ಒಡವೆಗೆ ಹಾಲ್‌ಮಾರ್ಕ್ 2021ರ ಜೂನ್ 16ರಿಂದ ಹಂತಹಂತವಾಗಿ, ಜಿಲ್ಲಾವಾರು ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರಾಂಕಗಳ ವಿಶಿಷ್ಟ ಗುರುತು ಇರಬೇಕೆಂಬ ನಿಯಮ ಜಾರಿಯಲ್ಲಿದೆ. ವಿದೇಶಿ ಖರೀದಿದಾರನ ನಿರ್ದಿಷ್ಟ ಬೇಡಿಕೆಯಂತೆ ರಫ್ತಿಗಾಗಿಯೇ ತಯಾರಿಸಿದ ಒಡವೆಗಳಿಗೆ ಈ ಕಡ್ಡಾಯದಿಂದ ವಿನಾಯಿತಿ ಇದೆ. ಆದರೂ ವಿವಾದದ ಸಂದರ್ಭದಲ್ಲಿ ಪರಿಶುದ್ಧತೆಯ ಸಾಕ್ಷಿ ಮಾರಾಟಗಾರನ ಬಳಿ ಇರುವುದು ಲೇಸು.

ಭಾರತದ ಹಾಲ್‌ಮಾರ್ಕ್ ಎಲ್ಲ ದೇಶಗಳಲ್ಲೂ ಸಲ್ಲುವುದಿಲ್ಲ. ಉದಾಹರಣೆಗೆ, ಬ್ರಿಟನ್ನಿನ 1973ರ ಹಾಲ್‌ಮಾರ್ಕಿಂಗ್ ಕಾಯಿದೆಯಂತೆ, 1 ಗ್ರಾಂ ಮೀರಿದ ಒಡವೆಯನ್ನು ಚಿನ್ನವೆಂದು ಮಾರಬೇಕಾದರೆ ಅಲ್ಲಿ ಮಾನ್ಯವಾದ ಮುದ್ರೆ ಇರಬೇಕು. ಐರೋಪ್ಯ ಒಕ್ಕೂಟವು ಒಡವೆಗಳಲ್ಲಿ ನಿಕ್ಕಲ್, ಸೀಸ ಮತ್ತು ಕ್ಯಾಡ್ಮಿಯಂ ಪ್ರಮಾಣಕ್ಕೆ ಮಿತಿ ಹಾಕಿದೆ. ಹಳೆಯ ಪದ್ಧತಿಯ ಬೆಸುಗೆಯಲ್ಲಿ ಕ್ಯಾಡ್ಮಿಯಂ ಬಳಸುವ ಅಕ್ಕಸಾಲಿಗರಿಗೆ ಈ ನಿಯಮ ನೇರವಾಗಿ ತಟ್ಟುತ್ತದೆ.

ನಿಷೇಧ ಮತ್ತು ನಿರ್ಬಂಧ

ನೂರು ವರ್ಷ ದಾಟಿದ ಕಲಾವಸ್ತುಗಳು ಪ್ರಾಚ್ಯವಸ್ತು ಮತ್ತು ಕಲಾ ಸಂಪತ್ತು ಕಾಯಿದೆ, 1972ರ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ಖಾಸಗಿ ವ್ಯಕ್ತಿಗಳು ರಫ್ತು ಮಾಡುವಂತಿಲ್ಲ. ಅಜ್ಜಿಯ ಕಾಲದ ಹಳೆಯ ಒಡವೆಯನ್ನು ‘ಪುರಾತನ’ ಎಂದು ಜಾಹೀರಾತು ನೀಡಿ ವಿದೇಶಕ್ಕೆ ಮಾರುವವರು ಇದನ್ನು ಗಮನಿಸಬೇಕಾಗುತ್ತದೆ. ಮಸ್ಕಿಯಂತಹ ಪುರಾತತ್ವ ನೆಲೆಗಳ ಹೊಲಗಳಲ್ಲಿ ದೊರೆಯುವ ಮಣಿ, ನಾಣ್ಯಗಳನ್ನು ಸರಕ್ಕೆ ಪೋಣಿಸಿ ಮಾರುವುದೂ ಇದೇ ಕಾರಣಕ್ಕೆ ಅಪರಾಧವಾಗಬಹುದು. ದಂತದ ಆಭರಣಗಳ ವ್ಯಾಪಾರವನ್ನು ವನ್ಯಜೀವಿ (ಸಂರಕ್ಷಣಾ) ಕಾಯಿದೆ, 1972 ನಿಷೇಧಿಸುತ್ತದೆ. ಕಚ್ಚಾ ವಜ್ರಕ್ಕೆ 2003ರಿಂದ ಕಿಂಬರ್ಲಿ ಪ್ರಮಾಣಪತ್ರ ಬೇಕು. ಒಡವೆಯಲ್ಲಿ ಕೂರಿಸಿದ ಕೆತ್ತಿದ ವಜ್ರಕ್ಕೆ ಈ ನಿಯಮ ಅನ್ವಯಿಸುವುದಿಲ್ಲ.

ಸಾಗಣೆ

ಸರಕು ದೇಶ ಬಿಡುವ ಮುನ್ನ ರಫ್ತು ಘೋಷಣಾ ಪತ್ರವನ್ನು ಸಲ್ಲಿಸಬೇಕು. ವಿಮಾನ ಸರಕು, ಅಂಚೆ, ಕೊರಿಯರ್ ಇವು ಮೂರು ಮಾರ್ಗಗಳು. ಇ-ವಾಣಿಜ್ಯದ ಆಭರಣಗಳನ್ನು ಕೊರಿಯರ್ ಮೂಲಕ ಕಳುಹಿಸುವ ಕಾರ್ಯವಿಧಾನವನ್ನು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯು 2022ರ ಜೂನ್‌ನಲ್ಲಿ ಪ್ರಕಟಿಸಿತು. ಬೆಂಗಳೂರು, ಹೈದರಾಬಾದ್ ಸೇರಿದಂತೆ ಆಯ್ದ ವಿಮಾನ ನಿಲ್ದಾಣಗಳ ಮೂಲಕ ರಫ್ತು ಸರಕನ್ನು ಪ್ರಯಾಣಿಕರು ಸ್ವತಃ ಕೊಂಡೊಯ್ಯಲು ಅವಕಾಶವಿದೆ. ಅದಕ್ಕೂ ಘೋಷಣೆ ಬೇಕು. ವಿದೇಶದಲ್ಲಿರುವ ಬಂಧುವಿನ ಕೈಯಲ್ಲಿ ‘ಸ್ವಂತ ಒಡವೆ’ ಎಂದು ಕಳುಹಿಸಿ, ಹಣವನ್ನು ಹವಾಲಾ ಮೂಲಕ ಪಡೆಯುವುದು ಸೀಮಾಸುಂಕ ಮತ್ತು ವಿದೇಶಿ ವಿನಿಮಯ ಕಾನೂನುಗಳೆರಡರ ಉಲ್ಲಂಘನೆ.

ಅನೇಕ ಸಾಗಣೆ ಸಂಸ್ಥೆಗಳು ಚಿನ್ನವನ್ನು ಸ್ವೀಕರಿಸುವುದಿಲ್ಲ. ಸ್ವೀಕರಿಸಿದರೂ ಪರಿಹಾರಕ್ಕೆ ಕಡಿಮೆ ಮಿತಿ ಇಡುತ್ತವೆ. ಆದ್ದರಿಂದ ಪೂರ್ಣ ಮೌಲ್ಯದ ಪ್ರತ್ಯೇಕ ವಿಮೆ ಅಗತ್ಯ. ಸುಂಕ ಉಳಿಸಲು ಬಿಲ್ಲಿನಲ್ಲಿ ಕಡಿಮೆ ಬೆಲೆ ನಮೂದಿಸಿದರೆ ವಿಮೆಯ ಪರಿಹಾರವೂ ಅಷ್ಟಕ್ಕೇ ಸೀಮಿತವಾಗುತ್ತದೆ.

ಆಮದು ದೇಶದ ಸುಂಕ

ಸಂಯುಕ್ತ ಅರಬ್ ಸಂಸ್ಥಾನದೊಂದಿಗಿನ ಒಪ್ಪಂದವು 2022ರ ಮೇ 1ರಂದು ಜಾರಿಗೆ ಬಂದ ಬಳಿಕ, ಮೂಲ ದೇಶದ ಪ್ರಮಾಣಪತ್ರವಿರುವ ಭಾರತದ ಆಭರಣಗಳಿಗೆ ಅಲ್ಲಿದ್ದ ಶೇ. 5ರ ಸುಂಕ ರದ್ದಾಯಿತು. ಇದಕ್ಕೆ ವಿರುದ್ಧವಾಗಿ, ಅಮೆರಿಕವು 2025ರ ಆಗಸ್ಟ್‌ನಲ್ಲಿ ಭಾರತದ ಬಹುಪಾಲು ಸರಕುಗಳ ಮೇಲೆ ಶೇ. 50ರಷ್ಟು ಹೆಚ್ಚುವರಿ ಸುಂಕ ಹೇರಿತು. ಅದೇ ತಿಂಗಳ 29ರಿಂದ, 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನೂ ಹಿಂಪಡೆಯಿತು. ಇಂತಹ ದರಗಳು ಬೇಗ ಬದಲಾಗುತ್ತವೆ. ಸುಂಕ ಕಟ್ಟುವವರು ಯಾರು ಎಂಬುದು ಮೊದಲೇ ಬರಹದಲ್ಲಿ ಇಲ್ಲದಿದ್ದರೆ, ಖರೀದಿದಾರನು ಪಾರ್ಸೆಲ್ ಬಿಡಿಸಿಕೊಳ್ಳದೆ ಹಣ ಮರಳಿ ಕೇಳುವ ಸಂದರ್ಭ ಬರುತ್ತದೆ.

ಹಣಪಾವತಿಯ ವಿಧಾನಗಳು ಮತ್ತು ಅಪಾಯಗಳು

ಮುಂಗಡ ಪಾವತಿ: ಬ್ಯಾಂಕ್ ಮೂಲಕ ಪೂರ್ಣ ಹಣ ಬಂದ ಮೇಲೆ ಸರಕು ಕಳುಹಿಸುವುದು. ಇದು ಮಾರಾಟಗಾರನಿಗೆ ಅತ್ಯಂತ ಸುರಕ್ಷಿತ ವಿಧಾನ.

ಕಾರ್ಡ್ ಮತ್ತು ಅಂತರ್ಜಾಲ ಪಾವತಿ: ಸಣ್ಣ ಮಾರಾಟಗಳಲ್ಲಿ ಇದು ಸಾಮಾನ್ಯ. ಸರಕು ತಲುಪಿಲ್ಲ, ವರ್ಣನೆಯಂತಿಲ್ಲ ಅಥವಾ ಕಾರ್ಡ್ ಕದ್ದದ್ದು ಎಂಬ ದೂರು ಬಂದರೆ ಬ್ಯಾಂಕ್ ಹಣವನ್ನು ಹಿಂದಕ್ಕೆ ಪಡೆಯಬಹುದು. ಇದನ್ನು ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಪ್ರಮುಖ ಕಾರ್ಡ್ ಜಾಲಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 120 ದಿನಗಳ ಅವಕಾಶವಿದೆ. ಪೇಪಾಲ್‌ನಲ್ಲಿ ಖರೀದಿದಾರನು 180 ದಿನಗಳವರೆಗೆ ದೂರು ಸಲ್ಲಿಸಬಹುದು.

ಬ್ಯಾಂಕ್ ಮೂಲಕ ದಾಖಲೆ ವಸೂಲಿ: ಹಣ ಕಟ್ಟಿದ ಮೇಲೆ ಬ್ಯಾಂಕ್ ಖರೀದಿದಾರನಿಗೆ ದಾಖಲೆ ಕೊಡುತ್ತದೆ. ಆದರೆ ಆಭರಣ ವಿಮಾನದಲ್ಲಿ ಹೋಗುತ್ತದೆ, ಮತ್ತು ವಿಮಾನ ಸಾಗಣೆಯ ರಸೀದಿಯು ಸರಕಿನ ಒಡೆತನದ ಪತ್ರವಲ್ಲ. ಸರಕನ್ನು ಖರೀದಿದಾರನ ಹೆಸರಿಗೇ ಕಳುಹಿಸಿದರೆ, ಅವನು ಹಣ ಕಟ್ಟದೆಯೂ ಅದನ್ನು ಬಿಡಿಸಿಕೊಳ್ಳಬಹುದು. ಆದ್ದರಿಂದ ಬ್ಯಾಂಕಿನ ಪೂರ್ವಾನುಮತಿ ಪಡೆದು ಅದರ ಹೆಸರಿಗೇ ಕಳುಹಿಸುವ ರೂಢಿ ಇದೆ.

ಸಾಖಪತ್ರ: ಖರೀದಿದಾರನ ಬ್ಯಾಂಕ್ ಪಾವತಿಯ ಭರವಸೆ ನೀಡುತ್ತದೆ. ಬ್ಯಾಂಕು ದಾಖಲೆಗಳನ್ನು ಮಾತ್ರ ಪರಿಶೀಲಿಸುತ್ತದೆ, ಸರಕನ್ನಲ್ಲ. ತೂಕ, ಹೆಸರು ಅಥವಾ ದಿನಾಂಕದಲ್ಲಿ ಚಿಕ್ಕ ವ್ಯತ್ಯಾಸವಿದ್ದರೂ ಪಾವತಿ ನಿಲ್ಲಬಹುದು.

ಸಾಲದ ಮಾರಾಟ: ಸರಕು ಮೊದಲು, ಹಣ ನಂತರ. ಸಂಪೂರ್ಣ ಅಪಾಯ ಮಾರಾಟಗಾರನದು. 1957ರಲ್ಲಿ ಸ್ಥಾಪಿತವಾದ, ಇಂದು ಇಸಿಜಿಸಿ ಎಂದು ಪರಿಚಿತವಾಗಿರುವ ಕೇಂದ್ರ ಸರ್ಕಾರದ ಸಂಸ್ಥೆಯು ಇಂತಹ ನಷ್ಟಕ್ಕೆ ವಿಮೆ ನೀಡುತ್ತದೆ.

ಇವುಗಳ ಜೊತೆಗೆ ಬೆಲೆಯ ಏರಿಳಿತದ ಅಪಾಯವೂ ಇದೆ. ಬೇಡಿಕೆ ಬಂದ ದಿನಕ್ಕೂ ಹಣ ಸೇರುವ ದಿನಕ್ಕೂ ನಡುವೆ ಚಿನ್ನದ ದರ ಮತ್ತು ಡಾಲರ್ ದರ ಎರಡೂ ಬದಲಾಗಬಹುದು.

ನಷ್ಟದ ಲೆಕ್ಕ

ಒಡವೆಯ ಬೆಲೆಯಲ್ಲಿ ಬಹುಪಾಲು ಚಿನ್ನದ್ದೇ ಆಗಿರುವುದರಿಂದ ಲಾಭಾಂಶ ಕಡಿಮೆ. ಉದಾಹರಣೆಗೆ, 5 ಲಕ್ಷ ರೂಪಾಯಿಯ ಸರದಲ್ಲಿ ಶೇ. 5ರಷ್ಟು ಲಾಭವಿದೆ ಎಂದುಕೊಂಡರೆ ಉಳಿಯುವುದು 25,000 ರೂಪಾಯಿ. ಇಂತಹ ಒಂದು ಸರದ ಹಣ ಮುಳುಗಿದರೆ, ಅದರಲ್ಲಿ ಹಾಕಿದ 4,75,000 ರೂಪಾಯಿ ಬಂಡವಾಳವನ್ನು ತುಂಬಿಕೊಳ್ಳಲು 19 ಸರಗಳನ್ನು ಮಾರಬೇಕಾಗುತ್ತದೆ. ಸಾಲದ ಚಿನ್ನದಲ್ಲಿ ಕೆಲಸ ಮಾಡುವ ಸಣ್ಣ ಅಂಗಡಿಗೆ ಒಂದೇ ಪೆಟ್ಟು ಸಾಕು.

ಸಾಮಾನ್ಯ ವಂಚನೆಗಳು

* ಹಣ ಜಮೆಯಾಗಿದೆ ಎಂದು ತೋರಿಸುವ ನಕಲಿ ಬ್ಯಾಂಕ್ ಸಂದೇಶ ಅಥವಾ ರಸೀದಿ.
* ಬೆಲೆಗಿಂತ ಹೆಚ್ಚು ಹಣ ಕಳುಹಿಸಿ, ‘ಹೆಚ್ಚುವರಿ’ಯನ್ನು ಬೇರೆ ಖಾತೆಗೆ ಮರಳಿಸಲು ಕೇಳುವುದು, ಬಳಿಕ ಮೂಲ ಪಾವತಿಯೇ ರದ್ದಾಗುತ್ತದೆ.
* ಪಾವತಿಯ ನಂತರ ವಿಳಾಸ ಬದಲಿಸಲು ಒತ್ತಾಯಿಸುವುದು.
* ಅಸಲಿ ಒಡವೆ ಇಟ್ಟುಕೊಂಡು ನಕಲಿಯನ್ನು ಮರಳಿಸುವುದು.
* ವ್ಯವಹಾರದ ನಡುವೆ ಇ-ಮೇಲ್ ಖಾತೆಗೆ ಕನ್ನ ಹಾಕಿ ಬ್ಯಾಂಕ್ ಖಾತೆ ಸಂಖ್ಯೆ ಬದಲಿಸುವುದು.

ಹಣ ಬಾರದಿದ್ದರೆ

ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ, 1999ರಂತೆ ರಫ್ತಿನ ಪೂರ್ಣ ಮೌಲ್ಯವನ್ನು ನಿಗದಿತ ಅವಧಿಯೊಳಗೆ ಭಾರತಕ್ಕೆ ತರಬೇಕು. ಒಂಬತ್ತು ತಿಂಗಳಿದ್ದ ಈ ಅವಧಿಯನ್ನು ಭಾರತೀಯ ರಿಸರ್ವ್ ಬ್ಯಾಂಕ್ 2025ರ ನವೆಂಬರ್‌ನಲ್ಲಿ 15 ತಿಂಗಳಿಗೆ ವಿಸ್ತರಿಸಿತು. ಪ್ರತಿ ರಫ್ತಿನ ಘೋಷಣೆಯನ್ನೂ ಬಂದ ಹಣವನ್ನೂ ಬ್ಯಾಂಕುಗಳು 2014ರಿಂದ ಗಣಕೀಕೃತ ವ್ಯವಸ್ಥೆಯಲ್ಲಿ ತಾಳೆ ನೋಡುತ್ತವೆ. ಕಾಯಿದೆಯ ಉಲ್ಲಂಘನೆಗೆ ಒಳಗೊಂಡ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದು. ಜಿಎಸ್‌ಟಿ ಮರುಪಾವತಿ ಪಡೆದಿದ್ದರೆ ಅದನ್ನೂ ಬಡ್ಡಿಸಹಿತ ಹಿಂದಿರುಗಿಸಬೇಕಾಗುತ್ತದೆ. ಹೀಗೆ ಮೋಸಹೋದ ವ್ಯಾಪಾರಿಯು ಒಡವೆ, ಹಣ ಎರಡನ್ನೂ ಕಳೆದುಕೊಂಡ ಮೇಲೂ ಉತ್ತರದಾಯಿಯಾಗಿಯೇ ಉಳಿಯುತ್ತಾನೆ. ಅವಧಿ ಮುಗಿಯುವ ಮೊದಲೇ ತನ್ನ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಅವಧಿ ವಿಸ್ತರಣೆ ಅಥವಾ ಬಾಕಿ ಮನ್ನಾ ಕೋರಲು ಅವಕಾಶವಿದೆ. ಇದಕ್ಕೆ ವಸೂಲಿಯ ಪ್ರಯತ್ನದ ದಾಖಲೆಗಳು ಬೇಕು. ಅಂತರ್ಜಾಲ ವಂಚನೆಗಳನ್ನು ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ವರದಿ ಮಾಡಬಹುದು.

ಮುನ್ನೆಚ್ಚರಿಕೆಗಳು

* ಬ್ಯಾಂಕ್ ಖಾತೆಯಲ್ಲಿ ಹಣವನ್ನು ಸ್ವತಃ ಖಚಿತಪಡಿಸಿಕೊಂಡ ನಂತರವೇ ಸರಕು ಕಳುಹಿಸುವುದು.
* ಖರೀದಿದಾರ, ಹಣ ಕಳುಹಿಸಿದವರು ಮತ್ತು ಸರಕು ಪಡೆಯುವವರ ಹೆಸರುಗಳನ್ನು ತಾಳೆ ನೋಡುವುದು.
* ತೂಕ, ಕ್ಯಾರಟ್ ಮತ್ತು ಗುರುತು ಕಾಣುವಂತೆ ಛಾಯಾಚಿತ್ರ ಹಾಗೂ ಪ್ಯಾಕ್ ಮಾಡುವ ವಿಡಿಯೊ ಇಟ್ಟುಕೊಳ್ಳುವುದು. ಮರಳಿ ಬಂದ ಒಡವೆಗೆ ಆಮದು ಸುಂಕದ ವಿನಾಯಿತಿ ಕೋರುವಾಗಲೂ ಇವು ನೆರವಾಗುತ್ತವೆ.
* ಸಹಿ ಪಡೆದು ತಲುಪಿಸುವ ವ್ಯವಸ್ಥೆಯನ್ನೇ ಬಳಸುವುದು.
* ಹಣ ಬಂದ ಕುರಿತ ಬ್ಯಾಂಕ್ ಪ್ರಮಾಣಪತ್ರವನ್ನು ಪ್ರತಿ ಬಿಲ್ಲಿನೊಂದಿಗೆ ಜೋಡಿಸಿಡುವುದು.